ಎಡಕ್ಕೆ ನೋಡುವ ಗಿಡುಗ

ಸೀಲಣ್ಣ ಭುಜದವರೆಗೂ ಕೈ ತೂರಿಸಿ ಸತ್ತವರ ಹಾಸಿಗೆಯ ಕೆಳಗೆ ತಡಕಾಡುತ್ತಿದ್ದ. ಎಡಗೈ. ಬಲಗೈ ಕಳೆದ ಚಳಿಗಾಲದಿಂದ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ, ಆ ಗುಟ್ಟನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಕೈಗೆ ಸಿಕ್ಕಿದ್ದು ಒಂದು ಒಂಟಿ ಕಾಲುಚೀಲ, ಎರಡು ಕೆಂಪು ಪೆನ್ಸಿಲ್ಲಿನ ತುಂಡು. ಬೇಕಾಗಿದ್ದದ್ದು ನೂರಮೂವತ್ತೆರಡು ಕಾಗದ.

ಬೀರು ಆಗಲೇ ಜಾಲಾಡಿಯಾಗಿತ್ತು. ಅದೆಂಥ ಬೀರು ಅಂತೀರಿ! ಬಾಗಿಲು ತೆಗೆದರೆ ಮೂರು ಬೀದಿ ಆಚೆಯ ನಾಯಿ ಎದ್ದು ಬೊಗಳುವಷ್ಟು ಕಿರುಗುಟ್ಟುತ್ತಿತ್ತು. ಹಜಾರದಲ್ಲಿ ಅಳುವವರ ಸದ್ದು ಏರಿದಾಗೆಲ್ಲ ಒಂದಿಷ್ಟು ತೆಗೆದು, ಇಳಿದಾಗ ಉಸಿರು ಬಿಗಿಹಿಡಿದು ನಿಂತು, ಅರ್ಧ ಗಂಟೆಯಲ್ಲಿ ಹುಡುಕಿ ಮುಗಿಸಿದ್ದ.

"ಏನ್ ಕಳ್ಕೊಂಡೆ?"

ಬಾಗಿಲಲ್ಲಿ ಬೈಂಡರಮ್ಮ. ಪ್ರೆಸ್ಸಿನಲ್ಲಿ ಇಪ್ಪತ್ತೈದು ವರ್ಷ ಪುಸ್ತಕ ಹೊಲಿದವಳು. ಅವಳು ಬಿಗಿದ ಹೊಲಿಗೆ ಬಿಚ್ಚಲು ಆನೆ ಕಟ್ಟಿ ಎಳೆಸಬೇಕಿತ್ತು.

"ಅಣ್ಣನ ಕನ್ನಡಕ ನೋಡ್ತಿದ್ದೆ. ಅದಿಲ್ದೆ ಕಳಿಸೋದು ಹ್ಯಾಗೆ?"

"ಕನ್ನಡಕ ಮೂಗಿನ ಮೇಲಿದೆ. ಬೆಳಿಗ್ಗೆಯಿಂದ ಅಲ್ಲೇ ಇದೆ. ನೀನು ಒಂದ್ಸಲ ಆದ್ರೂ ಮುಖ ನೋಡಿದ್ರೆ ತಾನೇ?"

ಅದು ನಿಜ. ಬೆಳಿಗ್ಗೆಯಿಂದ ಸೀಲಣ್ಣ ಶವಪೆಟ್ಟಿಗೆಯ ಸುತ್ತ ಓಡಾಡಿದ್ದ, ಕುರ್ಚಿ ಜೋಡಿಸಿದ್ದ, ಬಂದವರಿಗೆಲ್ಲ "ಮುಂದಿನ ಬಲಗಡೆ ಹೆಗಲು ನಂದು, ಯಾರೂ ಕೈ ಹಾಕ್ಬೇಡಿ, ಮೂವತ್ತು ವರ್ಷದ ಸ್ನೇಹ" ಎಂದು ಸಾರಿ ಬಂದಿದ್ದ. ಮುಖ ಮಾತ್ರ ನೋಡಿರಲಿಲ್ಲ.

"ಅತ್ತಿಗೆ ಕರೀತಿದಾರೆ, ಬಾ" ಎಂದಳು ಬೈಂಡರಮ್ಮ. "ಅವರ ಮಡಿಲಲ್ಲಿ ಒಂದು ಕಟ್ಟು ಕಾಗದ ಇದೆ. ನೀನು ಹುಡುಕ್ತಿರೋ ಕನ್ನಡಕ ಅದೇ ಇರ್ಬೇಕು."

*

ಸೀಲಣ್ಣನಂಥ ಸೀಲು ಕೆತ್ತುವವನು ಏಳು ಊರಿಗೆ ಇರಲಿಲ್ಲ. ಅವನು ಕೆತ್ತಿದ ಮೊಹರು ಒತ್ತಿದರೆ ಸತ್ತವನೂ ಎದ್ದು ಕಚೇರಿಗೆ ಹಾಜರಿ ಹಾಕುತ್ತಾನೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಅದೇ ಪ್ರೆಸ್ಸಿನ ಮೂಲೆಯಲ್ಲಿ, ದೀಪದ ಕೆಳಗೆ, ಈಗ ಪೆಟ್ಟಿಗೆಯಲ್ಲಿ ಮಲಗಿರುವ ಅಣ್ಣ ಪ್ರೂಫ್ ನೋಡುತ್ತ ಕೂರುತ್ತಿದ್ದರು. ನೊಣ ಕೂತೆದ್ದ ಕಲೆಯನ್ನೂ 'ಇದು ಪೂರ್ಣವಿರಾಮವಲ್ಲ' ಎಂದು ಕೆಂಪು ಪೆನ್ಸಿಲ್ಲಿನಲ್ಲಿ ಹೊಡೆದುಹಾಕುವ ಮನುಷ್ಯ. ಊಟದ ಹೊತ್ತಿಗೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಹಾಕಿಯ ಮಾತು ತೆಗೆದರೆಂದರೆ ಡಬ್ಬಿಯ ಅನ್ನ ಒಣಗಿ ಅಕ್ಕಿಯಾಗುತ್ತಿತ್ತು. ಪ್ರೆಸ್ಸಿನವರು ಅವರಿಗಿಟ್ಟ ಹೆಸರು ಸೆಲೆಕ್ಟರ್.

ಊರಿನ ಹಾಕಿ ತಂಡ ಗಿಡುಗ ತಂಡ. ಗೋಡೆಗೋಡೆಯ ಮೇಲೆ ಅದರ ಚಿತ್ರ, ಕಾಲಲ್ಲಿ ಕೋಲು ಹಿಡಿದು ಬಲಕ್ಕೆ ನೋಡುವ ಗಿಡುಗ. ಲೀಗಿನಲ್ಲಿ ಆ ತಂಡ ಕೆಳಗಿನಿಂದ ಮೊದಲನೆಯದು. ಅದನ್ನು ಬುಡದಿಂದ ಕಟ್ಟುವ ದಾರಿ ಸೆಲೆಕ್ಟರಿಗೆ ಗೊತ್ತಿತ್ತು. ನಾಯಕನಿಗೆ ವಯಸ್ಸಾಗಿದೆ, ಹೆಸರಿರುವಾಗಲೇ ಬೇರೆ ತಂಡಕ್ಕೆ ದಾಟಿಸಿ ಬದಲಿಗೆ ಇಬ್ಬರು ಎಳೆಯರನ್ನು ತನ್ನಿ. ಎಡ ಹಾಫಿನವನು ಹುಟ್ಟಿದ್ದೇ ಬಲಕ್ಕೆ, ಅತ್ತ ತಳ್ಳಿ. ಗೋಲ್‌ಕೀಪರನ ಮಂಡಿ ಹೋಗಿದೆ, ಮರ್ಯಾದೆಯಿಂದ ಮನೆಗೆ ಕಳಿಸಿ. ಪೆನಾಲ್ಟಿ ಕಾರ್ನರ್ ಹೊಡೆಯಲೆಂದೇ ಒಬ್ಬನನ್ನು ಸಾಕಿ, ಉಳಿದ ಹೊತ್ತು ಅವನು ಮೈದಾನದಲ್ಲೇ ಮಲಗಿದರೂ ಚಿಂತೆಯಿಲ್ಲ. ಇದನ್ನೆಲ್ಲ ಹದಿನಾಲ್ಕು ಪುಟ ಬರೆದು, ಕ್ಲಬ್ಬಿನ ವಿಳಾಸ ಹಾಕಿ ಪ್ರೆಸ್ಸಿನ ಟಪಾಲು ಚೀಲಕ್ಕೆ ಹಾಕಿದರು. ಚೀಲ ಒಯ್ಯುವವನು ಸೀಲಣ್ಣ.

ಕಾಗದ ಅಂಚೆ ಕಚೇರಿ ನೋಡಲಿಲ್ಲ. ಸೀಲಣ್ಣ ಒಡೆದ, ಓದಿದ, ನಕ್ಕು ನಕ್ಕು ಕುರ್ಚಿಯಿಂದ ಬಿದ್ದ. ಎದ್ದವನೇ ಕ್ಲಬ್ಬಿನ ಮೊಹರು ಕೆತ್ತಲು ಕೂತ. ಹಾಕಿಯ ಗಂಧವೂ ಇಲ್ಲದವನು, ಆದರೂ ಗೋಡೆಯ ಚಿತ್ರ ನೋಡಿಕೊಂಡು ಗಿಡುಗದ ಒಂದೊಂದು ಪುಕ್ಕವನ್ನೂ ಬಿಡಿಸಿದ.

'ಮಾನ್ಯರೇ, ನಿಮ್ಮ ಸಲಹೆ ಓದಿದಾಗಿನಿಂದ ನಮ್ಮ ಆಡಳಿತ ಮಂಡಳಿಗೆ ನಿದ್ದೆಯಿಲ್ಲ. ಪ್ರತಿ ತಿಂಗಳೂ ಬರೆಯಿರಿ. ಇಂತಿ, ಕೋಚ್.'

ಸೆಲೆಕ್ಟರ್ ನಿಂತಲ್ಲೇ ಓದಿದರು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು, ದೀಪದ ಕೆಳಗೆ ಹೋಗಿ ಕೂತರು. ಅವತ್ತು ಪ್ರೆಸ್ಸು ನಕ್ಕ ಸದ್ದಿಗೆ ಮೆಷಿನ್ನೇ ನಾಚಿ ನಿಂತಿತು. ಮುಂದಿನ ತಿಂಗಳು ಚೀಲಕ್ಕೆ ಹದಿನೆಂಟು ಪುಟ ಬಿತ್ತು.

ಹನ್ನೊಂದು ವರ್ಷ ಹೀಗೇ. ಕಳೆದ ವರ್ಷ ಗಿಡುಗ ತಂಡ ಕಪ್ ಗೆದ್ದಿತು. ಗೆಲುವಿನ ಗೋಲು ಹೊಡೆದವನು, ಹತ್ತು ವರ್ಷದಿಂದ ಸೆಲೆಕ್ಟರ್ ಮಾರಿಬಿಡಿ ಎನ್ನುತ್ತಿದ್ದ ಅದೇ ಮುದಿ ನಾಯಕ. ಸೆಲೆಕ್ಟರ್ ಟೀವಿ ಆರಿಸಿ ಇಪ್ಪತ್ತೆರಡು ಪುಟ ಬರೆದರು. ಮೊದಲ ಮಾತು, 'ಆದರೂ'.

*

ಹಜಾರದ ನಡುವೆ ಪೆಟ್ಟಿಗೆ, ಪಕ್ಕದಲ್ಲಿ ಅತ್ತಿಗೆ, ಅವರ ಮಡಿಲಲ್ಲಿ ಬೈಂಡಿಂಗ್ ದಾರದಲ್ಲಿ ಕಟ್ಟಿದ ಕಾಗದ. ಪೆಟ್ಟಿಗೆಯ ತಲೆಯ ಕಡೆ ಒಂದು ಖಾಲಿ ಕುರ್ಚಿ. ಅದರ ಮೇಲೆ ಯಾರೂ ಕೂರದಂತೆ ಮಗಳು ಕಾವಲು ನಿಂತಿದ್ದಳು. ಹೊರಗೆ ವ್ಯಾನಿನವನು ಹಾರ್ನ್ ಬಾರಿಸಿದ.

"ಅತ್ತಿಗೆ, ಹೊತ್ತಾಯ್ತು, ಎತ್ತೋಣ" ಎಂದ ಸೀಲಣ್ಣ.

"ಕೋಚ್ ಬರ್ಲಿ ತಡೀರಿ, ಸೀಲಣ್ಣ. ಬರ್ತೀನಿ ಅಂತ ಬರೆದಿದ್ದಾರಲ್ಲ."

ಪ್ರೆಸ್ಸಿನ ಮಾಲೀಕರು ತಲೆಯೆತ್ತಿ ಸೂರಿನಲ್ಲಿ ಏನೋ ಹುಡುಕತೊಡಗಿದರು. ಮೆಷಿನ್ ನಡೆಸುವವನಿಗೆ ಕೆಮ್ಮು ಬಂತು.

"ದೊಡ್ಡ ಮನುಷ್ಯರು, ಅವರಿಗೆ ಸಾವಿರ ಕೆಲ್ಸ…" ಎನ್ನುತ್ತ ಸೀಲಣ್ಣ ಜೇಬಿಗೆ ಕೈ ಹಾಕಿದ. ಜೇಬಿನಲ್ಲಿ ಆ ಮೊಹರು ಇತ್ತು. ದಾರಿಯ ಮೋರಿಗೆಸೆಯಲೆಂದು ತಂದಿದ್ದ, ಎಸೆಯಲು ಕೈ ಬಂದಿರಲಿಲ್ಲ.

ವ್ಯಾನಿನವನು ಒಳಗೇ ತಲೆ ಹಾಕಿದ. "ಅಮ್ಮಾ, ನಂಗೆ ಇವತ್ತು ಇನ್ನೂ ಇಬ್ರಿದಾರೆ. ಇವರೊಬ್ರೇ ಸತ್ತಿದ್ದಲ್ಲ."

"ಅವರಿಗೂ ಈಗೇನು ಅವಸರ? ಕಾಯ್ತಾರೆ ಬಿಡಪ್ಪ" ಎಂದರು ಅತ್ತಿಗೆ.

*

ಈ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಮಾಷೆ ಒಂದಿತ್ತು, ಇವತ್ತಿಗೂ ಪ್ರೆಸ್ಸಿನಲ್ಲಿ ಅದನ್ನು ಹೇಳಿಕೊಂಡು ನಗುತ್ತಿದ್ದರು. ಐದನೇ ವರ್ಷ 'ಆಯ್ಕೆ ಸಭೆಗೆ ಖುದ್ದಾಗಿ ಬನ್ನಿ, ಬೆಳಿಗ್ಗೆ ಹತ್ತಕ್ಕೆ, ಕ್ರೀಡಾಂಗಣದ ಎರಡನೇ ಗೇಟು' ಎಂದು ಕೋಚ್ ಬರೆದ. ಸೆಲೆಕ್ಟರ್ ಇಸ್ತ್ರಿ ಮಾಡಿದ ಕೋಟು ಹಾಕಿ, ಕಂಕುಳಲ್ಲಿ ಕಡತ ಹಿಡಿದು ಹೋಗಿ ನಿಂತರು. ಎದುರಿನ ಟೀ ಅಂಗಡಿಯ ತಗಡಿನ ಕೆಳಗೆ ಸೀಲಣ್ಣ, ಮಾಲೀಕರು, ಮೆಷಿನ್‌ನವನು ಬಾಯಿಗೆ ಕರ್ಚೀಫು ತುರುಕಿಕೊಂಡು ಕೂತಿದ್ದರು. ಬಿಸಿಲು ಅಂದರೆ ಅಂಥ ಬಿಸಿಲು, ಕಾಗೆಗಳು ನಡೆದುಕೊಂಡು ಓಡಾಡುತ್ತಿದ್ದವು. ಕಾವಲಿನವನು ಎರಡು ಸಲ ಗದರಿದ. ಸೆಲೆಕ್ಟರ್ ಅಲುಗಲಿಲ್ಲ. ಒಂದು ಗಂಟೆ ಕಳೆಯಿತು, ಮೂರು ಕಳೆಯಿತು, ಏಳು ಕಳೆಯಿತು. ಈ ಮೂವರು ಎದ್ದು ಹೊರಬಂದರೆ ಅವರ ಕಣ್ಣಿಗೆ ಬೀಳುತ್ತಾರೆ. ಹಾಗಾಗಿ ತಗಡಿನ ಕೆಳಗೇ ಬೆಂದರು, ತಲೆಗೆ ಹದಿನಾಲ್ಕು ಟೀ ಕುಡಿದರು.

ಮರುದಿನ ಸೆಲೆಕ್ಟರ್ ಬಂದಾಗ ಮೂಗಿನ ಚರ್ಮ ಸುಲಿದು ನೇತಾಡುತ್ತಿತ್ತು.

"ಸಭೆ ಹೇಗಾಯ್ತಣ್ಣ?" ಸೀಲಣ್ಣ ಕೇಳಿದ.

"ಭರ್ಜರಿ. ಕೋಚ್ ಎದ್ದು ನಿಂತು ಕೈ ಕುಲುಕಿದ್ರು. ನಾಯಕನ್ನ ಬಿಟ್ಕೊಡೋಕೊಂದು ಒಪ್ಲಿಲ್ಲ, ಮಿಕ್ಕಿದ್ದೆಲ್ಲ ಒಪ್ಪಿದ್ರು. ಫ್ಯಾನ್ ಕೆಳಗೆ ಕೂರಿಸಿ ತಣ್ಣನೆ ಶರಬತ್ತು ಕೊಟ್ರು. ನೀವೂ ಬಂದಿದ್ರೆ ಚೆನ್ನಾಗಿರ್ತಿತ್ತು ಕಣೋ."

ಸೀಲಣ್ಣ ಬಚ್ಚಲಿಗೆ ಓಡಿ ನಲ್ಲಿ ಬಿಟ್ಟುಕೊಂಡು ನಕ್ಕ.

*

"ಕೋಚ್ ಬರೋಷ್ಟರಲ್ಲಿ ಅವರ ಕೊನೇ ಕಾಗದ ಎಲ್ಲರಿಗೂ ಓದಿ ಹೇಳಿ" ಎಂದು ಅತ್ತಿಗೆ ಕಟ್ಟಿನ ಮೇಲಿನದನ್ನು ಸೀಲಣ್ಣನ ಮುಂದೆ ಹಿಡಿದರು. "ನಿಮಗಾದ್ರೆ ಆ ಕೈಬರಹ ಸಲೀಸು."

ಅದು ಆರು ವಾರದ ಹಿಂದೆ, ಸೆಲೆಕ್ಟರ್ ಆಸ್ಪತ್ರೆ ಸೇರಿದಾಗ ಬರೆದದ್ದು. ಬರೆದ ದಿನ ಸೀಲಣ್ಣ ಅದನ್ನು ಪ್ರೆಸ್ಸಿನಲ್ಲಿ ಮೂರು ಸಲ ಓದಿ ಚಪ್ಪಾಳೆ ಗಿಟ್ಟಿಸಿದ್ದ. ಈಗ ಮಡಿಕೆ ಬಿಚ್ಚಿದ. ಕಾಗದದ ತುಂಬ ಕೆಂಪು ಪೆನ್ಸಿಲ್ಲಿನ ಗುರುತು.

"'ಮಾನ್ಯರೇ… ಬೇಗ ಗುಣವಾಗಿ ಬನ್ನಿ. ನಿಮ್ಮ ಜಾಗ ತುಂಬುವ ಆಟಗಾರ ಇಡೀ ಲೀಗಿನಲ್ಲಿಲ್ಲ. ಹಾಗೇನಾದರೂ ಆಗಿಯೇಬಿಟ್ಟರೆ ಖುದ್ದಾಗಿ ಬಂದು ನಿಮಗೆ ಹೆಗಲು ಕೊಡುವವನು ನಾನು.'"

"ಮಾಮ, ತಿದ್ದಿರೋದನ್ನೂ ಸೇರಿಸಿ ಓದಿ" ಎಂದಳು ಮಗಳು. "ಅಪ್ಪ ಸುಮ್ನೆ ತಿದ್ದಲ್ಲ."

'ಹೆಗಲು' ಎಂಬಲ್ಲಿ ಸುತ್ತುಹಾಕಿ, ಅಂಚಿನಲ್ಲಿ ಪ್ರೂಫ್ ನೋಡುವವರು ಅನುಮಾನ ಬಂದಾಗ ಹಾಕುವ ಪ್ರಶ್ನೆಯ ಗುರುತು. ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರ. ಸೀಲಣ್ಣ ಕಾಗದ ಮಡಿಸತೊಡಗಿದ. ಬೈಂಡರಮ್ಮ ಹಿಂದಿನಿಂದ ಬಗ್ಗಿ ಗಟ್ಟಿಯಾಗಿ ಓದಿದಳು:

"'ಇವನ ಬಲಭುಜ ಚಳಿಗಾಲದಿಂದ ಕೆಟ್ಟಿದೆ, ಎಡಗೈಯಲ್ಲಿ ಮೊಹರು ಒತ್ತುತ್ತಾನೆ. ಹೆಗಲು ಕೊಡುವುದು ಹೇಗೆ? ಕೇಳಿ ಖಾತ್ರಿ ಮಾಡಿಕೊಳ್ಳಿ.'"

ಮೆಷಿನ್‌ನವನ ಮೂಗಿನಿಂದ ಒಂದು ಸದ್ದು ಹೊರಬಿತ್ತು. ಅಷ್ಟೇ ಸಾಕಾಯಿತು. ಮಾಲೀಕರು ಮುಖಕ್ಕೆ ಟೋಪಿ ಮುಚ್ಚಿಕೊಂಡರು, ಪಕ್ಕದ ಮನೆಯವರು ಗೋಡೆಗೆ ತಿರುಗಿದರು, ಹಜಾರ ಪೂರ್ತಿ ಕುಲುಕಿತು. ಪೆಟ್ಟಿಗೆಯೂ ಕುಲುಕಿತೆಂದು ವ್ಯಾನಿನವನು ಆಮೇಲೆ ಆಣೆ ಮಾಡಿ ಹೇಳಿದ.

"ಅತ್ತಿಗೆ… ಅಣ್ಣಂಗೆ ಯಾವಾಗಿಂದ…"

ಅವರು ಕಟ್ಟಿನ ತಳದಿಂದ ಮೊಟ್ಟಮೊದಲ ಕಾಗದ ಎಳೆದು ಕೊಟ್ಟರು. ನೇರಳೆ ಮೊಹರಿನ ಸುತ್ತ ಕೆಂಪು ಗೆರೆ. 'ಗಿಡುಗ ಬಲಕ್ಕೆ ನೋಡಬೇಕು. ಸೀಲಣ್ಣ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಕೆತ್ತಿದ, ಹಕ್ಕಿಯನ್ನು ಮಗುಚಲು ಮರೆತ.'

ಏಳು ಊರಿಗೆ ಇಲ್ಲದ ಕೆತ್ತನೆಗಾರ ಹನ್ನೊಂದು ವರ್ಷದಲ್ಲಿ ಮೊದಲ ಸಲ ತನ್ನ ಗಿಡುಗವನ್ನು ಸರಿಯಾಗಿ ನೋಡಿದ. ಹೌದು, ಎಡಕ್ಕೇ ನೋಡುತ್ತಿತ್ತು. ಊರ ಗೋಡೆಗಳ ಮೇಲಿನ ಸಾವಿರ ಗಿಡುಗಗಳು ಬಲಕ್ಕೆ, ಇವನದೊಂದು ಎಡಕ್ಕೆ.

"ತಮಾಷೆಗೆ ಬರೆದಿದ್ದು, ಅತ್ತಿಗೆ."

"ಗೊತ್ತು. ಚೆನ್ನಾಗಿತ್ತು. ತಿಂಗಳಿಗೊಂದ್ಸಲ ನಾವು ಮೂರು ಜನ ಕೂತು ಓದಿ ನಗ್ತಿದ್ವಿ. ಎಡ ಹಾಫ್ ಅಂದ್ರೆ ಅರ್ಧ ತೋಳಿನ ಅಂಗಿ ಅಂದ್ಕೊಂಡು ಬರೆದಿದ್ರಲ್ಲ ಒಂದ್ಸಲ, ಆ ಕಾಗದಕ್ಕಂತೂ ಇವಳಿಗೆ ಬಿಕ್ಕಳಿಕೆ ಹತ್ಕೊಂಡ್ತು."

"ಹಾಗಾದ್ರೆ ಆ ಗೇಟಿನ ಹತ್ರ? ಏಳು ಗಂಟೆ ಹೊತ್ತು?"

"ನೀವೆದ್ದು ಹೋಗ್ಲಿ ಅಂತ ಅವರು ನಿಂತ್ರು. ಅವರು ಹೋಗ್ಲಿ ಅಂತ ನೀವು ಕೂತ್ರಿ. ಹದಿನಾಲ್ಕು ಟೀ ಅಂತೆ, ಲೆಕ್ಕ ಇಟ್ಟಿದ್ರು. ಅವತ್ತು ಮನೆಗೆ ಬಂದಾಗ ಅವರಿಗೆ ಚಳಿಜ್ವರ. ಮೂಗಿಗೆ ಬೆಣ್ಣೆ ಹಚ್ಚೋಕೆ ಬಿಡ್ಲಿಲ್ಲ. ಸುಲಿದ ಮೂಗು ಪ್ರೆಸ್ಸಿಗೆ ತೋರಿಸ್ಬೇಕು ಅಂತ."

ಸೀಲಣ್ಣನ ಕಣ್ಣಲ್ಲಿ ನೀರು ತುಂಬಿತು. ಯಾರಿಗಾಗಿ ಎಂದು ಅವನಿಗೂ ಗೊತ್ತಿರಲಿಲ್ಲ. "ಅಣ್ಣನ ಕಾಗದ ಒಂದೂ ಕ್ಲಬ್ಬಿಗೆ ಹೋಗ್ಲಿಲ್ಲ ಅತ್ತಿಗೆ. ಎಲ್ಲ ನನ್ನ ಡ್ರಾಯರಿನಲ್ಲಿವೆ. ನಾನು ಕಳಿಸಿದ್ರೆ ಏನಾದ್ರೂ…"

"ಅಯ್ಯೋ, ಅಷ್ಟು ದೊಡ್ಡ ಪಾಪ ತಲೆ ಮೇಲೆ ಹಾಕ್ಕೋಬೇಡಿ, ಅದೂ ನಿಮಗಿಲ್ಲ" ಎಂದರು ಅತ್ತಿಗೆ. "ಅವರು ಕಾರ್ಬನ್ ಇಟ್ಟು ಬರೀತಿದ್ರು. ಒಂದು ನಿಮ್ಮ ಚೀಲಕ್ಕೆ, ಒಂದು ಬೀದಿ ತುದಿ ಅಂಚೆ ಡಬ್ಬಕ್ಕೆ. ಡಬ್ಬಕ್ಕೆ ಹಾಕಿದ್ದು ಕ್ಲಬ್ಬಿಗೇ ಹೋಯ್ತು. ಅವರ್ಯಾರೂ ಒಂದಕ್ಕೂ ಉತ್ತರ ಬರೀಲಿಲ್ಲ. ನೀವು ಬರೆದ್ರಿ."

ಹಾರ್ನ್ ಮತ್ತೆ ಕೂಗಿತು. ಸೀಲಣ್ಣ ಮೂಗೊರೆಸಿಕೊಂಡು ಪೆಟ್ಟಿಗೆಯ ಮುಂದಿನ ಬಲಗಡೆಗೆ ಹೋಗಿ ಬಗ್ಗಿದ. "ಭುಜ ಸಾಯ್ಲಿ, ನಾನೇ ಹೊರ್ತೀನಿ."

"ತಡೀರಿ ಮಾಮ. ಅಪ್ಪ ತಂಡ ಆರಿಸಿ ಹೋಗಿದಾರೆ." ಮಗಳು ಆಸ್ಪತ್ರೆಯ ಔಷಧಿ ಚೀಟಿಯೊಂದರ ಹಿಂಬದಿ ತಿರುಗಿಸಿ ಓದಿದಳು. "'ಮುಂದಿನ ಎಡ, ಮಾಲೀಕರು. ವೇಗವಿಲ್ಲ, ಆದರೆ ಇಲ್ಲಿ ವೇಗ ಬೇಕಿಲ್ಲ. ಹಿಂದಿನ ಎಡ, ಮೆಷಿನ್‌ನವನು. ಕೆಮ್ಮು ಬಂದರೆ ಬೀಳಿಸುತ್ತಾನೆ, ಕಣ್ಣಿಡಿ. ಹಿಂದಿನ ಬಲ, ಬೈಂಡರಮ್ಮ. ಮೆಟ್ಟಿಲಿಳಿಯುವಾಗ ಅವಳೊಬ್ಬಳೇ ಇಬ್ಬರಿಗೆ ಸಮ. ಮುಂದಿನ ಬಲ, ನನ್ನ ಮಗಳು. ನಾಯಕಿ.'"

"ಇನ್ನು ನಾನು?"

ಅವಳು ಚೀಟಿಯನ್ನೇ ಅವನ ಕಣ್ಣೆದುರು ಹಿಡಿದಳು. ಕೊನೆಯ ಸಾಲು ಪೆನ್ಸಿಲ್ ಒತ್ತಿ ಬರೆದದ್ದು.

'ಸೀಲಣ್ಣ. ಬದಲಿ ಆಟಗಾರ. ಬೆಂಚು.'

ಬೈಂಡರಮ್ಮ ಹೂಂ ಎಂದಳು, ನಾಲ್ವರೂ ಎತ್ತಿದರು. ಮೆಟ್ಟಿಲಲ್ಲಿ ಮೆಷಿನ್‌ನವನು ಕೆಮ್ಮಿದ, ಯಾರಿಗೂ ಏನೂ ಆಗಲಿಲ್ಲ. ಸೀಲಣ್ಣ ಹಿಂದೆಯೇ ಜಗಲಿಗೆ ಬಂದ. ಅಲ್ಲಿ ಚಪ್ಪಲಿ ಬಿಡುವವರು ಕೂರಲೆಂದು ಒಂದು ಮರದ ಬೆಂಚಿತ್ತು. ಅತ್ತಿಗೆ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಸೆರಗಿಗೆ ಕಟ್ಟಿಕೊಂಡರು.

"ನಾನೂ ವ್ಯಾನ್ ಹತ್ತಲಾ, ಅತ್ತಿಗೆ?"

"ಇಲ್ಲೇ ಕೂತಿರಿ. ಯಾರಿಗಾದ್ರೂ ಸುಸ್ತಾದ್ರೆ ಕರೀತೀವಿ."

ಅವನು ಕೂತ. ವ್ಯಾನಿನ ಬಾಗಿಲು ಹಾಕಿದರು. ಯಾರಾದರೂ ಒಬ್ಬರು ಕೈ ಎತ್ತಿಯಾರು ಎಂದು ಕತ್ತು ಚಾಚಿ ನೋಡಿದ, ಒಬ್ಬರೂ ಎತ್ತಲಿಲ್ಲ. ಮುಖವನ್ನಂತೂ ಕೊನೆಗೂ ನೋಡಲಿಲ್ಲ ಎಂಬುದು ಆಗ ನೆನಪಾಯಿತು. ವ್ಯಾನು ಬೀದಿಯ ತುದಿಗೆ ಹೋಗಿ, ಅಂಚೆ ಡಬ್ಬದ ಹತ್ತಿರ ಒಂದು ಕ್ಷಣ ನಿಧಾನಿಸಿ, ಬಲಕ್ಕೆ ತಿರುಗಿತು.

ಜೇಬಿನಲ್ಲಿ ಬಿಗಿದಿದ್ದ ಮುಷ್ಟಿಯನ್ನು ಸೀಲಣ್ಣ ಹೊರಗೆಳೆದು ಬಿಡಿಸಿದ. ಬೆವರಿಗೆ ಮೊಹರಿನ ಹಳೇ ಮಸಿ ಮತ್ತೆ ಹಸಿಯಾಗಿತ್ತು. ಅಂಗೈ ತುಂಬ ನೇರಳೆ ಗಿಡುಗ, ಒಂದು ಪುಕ್ಕವೂ ಅಳಿಸಿರಲಿಲ್ಲ. ಅದು ಎಡಕ್ಕೆ ನೋಡುತ್ತಿತ್ತು.