ಬಾಳಂತಿ ಮೀನು

ಬಕೆಟ್ಟಿನ ತಳದಲ್ಲಿ ಇನ್ನೂ ಒಂಬತ್ತು ಮೀನುಮರಿ ಸತ್ತು ಬಿದ್ದಿದ್ದವು. ದೇವಿದಾಸ ಅವನ್ನು ಚಮಚದ ತುದಿಯಿಂದ ಎತ್ತಿ ದಾಸವಾಳದ ಬುಡಕ್ಕೆ ಹಾಕುತ್ತಿದ್ದಾಗ ಅವನ ಹೆಂಡತಿ ಕಾಮಿ ಅಂಗಳಕ್ಕೆ ಬಂದಳು. ಕೈಯಲ್ಲೊಂದು ಚೀಲ. ಒಂದು ಸೀರೆಯೂ ಹಿಡಿಯದಷ್ಟು ಸಣ್ಣದು. ಅವನು ಮೊದಲು ನೋಡಿದ್ದೇ ಅದನ್ನು.

ನೌಕಾನೆಲೆಗೆಂದು ಕಡಲತೀರಕ್ಕೆ ಬೇಲಿ ಬಿದ್ದು ಏಳು ವರ್ಷ. ಇವರ ಕೇರಿಯನ್ನು ಬುಡಸಮೇತ ಎತ್ತಿ ಅಗಸೂರಿನ ಕಡೆ, ಅಲೆಯ ಸದ್ದೂ ಕೇಳದ ಗುಡ್ಡದ ಕೆಳಗೆ ತಂದಿಟ್ಟರು. ಸಾಲುಮನೆ ಕೊಟ್ಟರು, ಹಕ್ಕುಪತ್ರ ಕೊಡಲಿಲ್ಲ. ಗಂಡ ಹೆಂಡತಿ ಇಬ್ಬರೂ ಅಲ್ಲೇ ವಾಸವಿದ್ದರೆ ಪತ್ರ, ಬಾಗಿಲಿಗೆ ಬೀಗ ಕಂಡರೆ ಮನೆ ವಾಪಸು. ಇದು ಪುನರ್ವಸತಿ ಕಚೇರಿಯ ಕಾನೂನು. ಹುಟ್ಟಿದಾಗಿನಿಂದ ಮೀನುಬುಟ್ಟಿ ಹೊತ್ತ ಹೆಂಗಸು ಗುಡ್ಡ ನೋಡುತ್ತ ಎಷ್ಟು ದಿನ ಕೂರಬಲ್ಲಳು ಎಂದು ಕಾನೂನು ಬರೆದವನು ಯಾರನ್ನೂ ಕೇಳಿರಲಿಲ್ಲ. ಕಾಮಿ ಎರಡು ವರ್ಷ ಕೂತಳು. ಆಮೇಲೆ ಮಂಜಗುಣಿಯ ತವರಿಗೆ ಹೋಗಿ, ತಮ್ಮನ ಬಲೆಯ ಮೀನನ್ನು ಅಂಕೋಲೆಯ ಪೇಟೆಯಲ್ಲಿ ಮಾರತೊಡಗಿದಳು. ದೇವಿದಾಸ ಮನೆ ಕಾಯಲು ಉಳಿದ. ಇವತ್ತು ತಪಾಸಣೆ. ಅವಳು ಬಂದದ್ದು ಅಷ್ಟಕ್ಕೇ.

ಅವನಿಗೆ ಮಾತ್ರ ಅವಳು ಉಳಿದಾಳೆಂಬ ಆಸೆ. ಕಾರವಾರದ ಲಾಡ್ಜೊಂದಕ್ಕೆ ಬಣ್ಣ ಬಳಿಯಲು ಹೋದಾಗ, ಅವರು ಎಸೆಯಲಿದ್ದ ಒಡಕು ಗಾಜಿನ ತೊಟ್ಟಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಮೂಲೆಗೆ ಎಂಸೀಲ್ ಮೆತ್ತಿದ. ಮಂಜಗುಣಿಯಿಂದ ಎರಡು ಹಳದಿ ಕಾಗಳಸಿಗಳನ್ನು ಹೊಳೆನೀರಿನ ಕ್ಯಾನಿನಲ್ಲಿ ಹೊತ್ತು ತಂದು ಬಿಟ್ಟ. ಅಂಗೈಯಗಲದ, ಪಕ್ಕೆಗೆ ಕಪ್ಪು ಬೊಟ್ಟಿಟ್ಟ ಮೀನು. ಒಂದು ದಿನ ನೋಡಿದರೆ ತೊಟ್ಟಿಯೊಳಗಿನ ಹೆಂಚಿನ ಚೂರಿನ ಮೇಲೆ ರಾಗಿ ಅಂಟಿಸಿದ ಹಾಗೆ ಮೊಟ್ಟೆ. ಮರಿಯಾದ ದಿನ ಎಸ್‌ಟಿಡಿ ಬೂತಿಗೆ ಓಡಿ ಹೋಗಿ ಕಾಮಿಗೆ ಹೇಳಿದ. ಆಚೆಯಿಂದ ಅವಳು ನಕ್ಕಳು. ಆ ನಗೆ ಕೇಳಿ ಎಷ್ಟು ತಿಂಗಳಾಗಿತ್ತೋ. ಮರಿಗಳನ್ನು ನೋಡಲು ಬಂದವಳು ನಾಲ್ಕು ದಿನ ಇರುತ್ತಾಳೆ, ಹದಿನೈದು ದಿನ ಇರುತ್ತಾಳೆ ಎಂದು ಲೆಕ್ಕ ಹಾಕಿದ್ದ. ಒಂದೂ ಸಾಯಬಾರದೆಂದು, ಮರಿಗಳು ಈಜತೊಡಗಿದ ದಿನವೇ ಅವನ್ನೆಲ್ಲ ಬಕೆಟ್ಟಿಗೆ ಬೇರೆ ಮಾಡಿ, ಬೇಯಿಸಿದ ಮೊಟ್ಟೆಯ ಹಳದಿ ಕದಡಿ ಹಾಕುತ್ತಿದ್ದ. ಮೂರು ದಿನದಲ್ಲಿ ಅರ್ಧ ಸತ್ತವು.

ಕಾಮಿ ಬಕೆಟ್ಟಿಗೆ ಬಗ್ಗಿದಳು. ಇವನ್ನು ಇಲ್ಲಿಗೆ ಹಾಕಿದ್ದು ಯಾರೆಂದು ಕೇಳಿದಳು.

"ದೊಡ್ಡವು ತಿಂತವೆ ಅಂತ ನಾನೇ ತೆಗ್ದೆ," ಅಂದ ದೇವಿದಾಸ. "ನಲವತ್ತ್ ವರ್ಷ ಮೀನಿನ ಹೊಟ್ಟೆ ಕೊಯ್ದವ ನಾನು. ಮರಿ ತಿನ್ನದ ಮೀನು ಎಲ್ಲಿ ಉಂಟು?"

"ನಿಮ್ಮ ಸಮುದ್ರದ್ದು ತಿಂತದೆ. ಇದು ಹೊಳೆಬಾಯಿದು."

ಅವಳ ಅವ್ವ ಹೊಳೆಯ ಕೆಸರಲ್ಲಿ ಕೈಯಿಂದ ಮೀನು ಹಿಡಿಯುವಾಗ ಮರಿ ಸುತ್ತಿಕೊಂಡ ಕಾಗಳಸಿ ಕಂಡರೆ, ಬಾಳಂತಿ ಮೀನು ಅಂದು ಸುತ್ತು ಬಳಸಿ ಹೋಗುತ್ತಿದ್ದಳಂತೆ. ಹಾಗೆ ಹೇಳುತ್ತಲೇ ಕಾಮಿ ಲೋಟದಿಂದ ಮರಿಗಳನ್ನು ಮೊಗೆದು ಮೊಗೆದು ತೊಟ್ಟಿಗೆ ಇಳಿಸಿದಳು. ಬೇಡವೆನ್ನಲು ಅವನು ಕೈ ಚಾಚಿ ಹಿಂದೆ ತೆಗೆದ. ದೊಡ್ಡ ಮೀನುಗಳೆರಡೂ ನುಗ್ಗಿ ಬಂದು ಗಕ್ಕನೆ ನಿಂತವು. ಮರಿಗಳು ಅವುಗಳ ಪಕ್ಕೆಗೆ ಮುತ್ತಿ ಮೈ ಕುಕ್ಕತೊಡಗಿದವು. ಮೀನುಗಳು ರೆಕ್ಕೆ ಅಲುಗಿಸದೆ ನಿಂತೇ ಇದ್ದವು.

"ಮೈ ಮೇಲಿನ ಲೋಳೆನೇ ಅವಕ್ಕೆ ಹಾಲು," ಅಂದಳು ಕಾಮಿ. "ಇವ್ರು ಮೊಟ್ಟೆ ಬೇಯ್ಸಿ ಹಾಕ್ತ್ರಂತೆ. ದೊಡ್ಡ ಡಾಕ್ಟ್ರು."

ಅವನು ನಕ್ಕ. ಅವಳೂ ನಕ್ಕಳು. ಇಬ್ಬರೂ ಗಾಜಿಗೆ ಹಣೆ ಹಚ್ಚಿ ಕೂತರು. ಹೊರಗೆ ಮೋಟಾರ್ ಸೈಕಲ್ಲಿನ ಸದ್ದಾಗುವವರೆಗೂ ಹಾಗೇ ಕೂತಿದ್ದರು.

ಕಚೇರಿಯವನು ಚಪ್ಪಲಿ ಬಿಚ್ಚದೆ ಅಡಿಗೆಮನೆಯವರೆಗೂ ನಡೆದ. ಡಬ್ಬಿ ಮುಚ್ಚಳ ತೆಗೆದು ನೋಡಿದ. ಆಮೇಲೆ ಕಾಗದ ಬಿಚ್ಚಿ, ಇಬ್ಬರೂ ಇಲ್ಲೇ ಇರುತ್ತೀರಾ ಎಂದು ಕಾಮಿಯನ್ನು ಕೇಳಿದ.

ಇಲ್ಲ ಅನ್ನಲಿ, ಎಂದು ಒಂದು ಗಳಿಗೆ ದೇವಿದಾಸನ ಜೀವ ಬೇಡಿತು. ಇಲ್ಲ ಅಂದರೆ ಮನೆ ಹೋಗುತ್ತದೆ. ಮನೆ ಹೋದರೆ ಅವಳ ಜೊತೆಗೇ ಬಸ್ಸು ಹತ್ತಬಹುದು.

"ಮತ್ತೆಲ್ಲಿ ಇರೂದು ಸಾಹೇಬ್ರೇ?" ಅಂದಳು ಕಾಮಿ. "ಇರೂಕೆ ಬೇರೆ ಜಾಗ ಉಳ್ಸೀರಾ ನೀವು?"

ಕಚೇರಿಯವನು ತಲೆ ಎತ್ತದೆ ಬರೆದುಕೊಂಡ. ಅವಳು ಹೆಬ್ಬೆಟ್ಟು ಒತ್ತಿದಳು. ಪತ್ರ ಬರುವವರೆಗೆ, ಇಬ್ಬರೂ ಇದ್ದೀರೋ ಎಂದು ನೋಡಲು ಹಗಲು ರಾತ್ರಿ ಯಾವ ಹೊತ್ತಿಗೆ ಬೇಕಾದರೂ ಮತ್ತೆ ಬರಬಹುದು, ಹೇಳಿ ಬರುವುದಿಲ್ಲ ಎಂದು ಹೇಳಿ ಅವನು ಹೋದ.

ನಾಲ್ಕರ ಬಸ್ಸಿಗೆ ಕಾಮಿ ಚೀಲ ಎತ್ತಿಕೊಂಡಳು.

"ಮರಿ ಸ್ವಲ್ಪ ದೊಡ್ಡಾಗೂವರೆಗಾದ್ರೂ ಇರು," ಅಂದ ಅವನು.

"ಬೆಳಿಗ್ಗೆ ದೋಣಿ ಬತ್ತದೆ. ಮೀನು ಯಾರು ಹೊರೂದು?" ಅವಳು ಬೆರಳಿನ ಶಾಯಿಯನ್ನು ಗೋಡೆಗೆ ಉಜ್ಜಿದಳು. "ನೀವೇ ಬನ್ನಿ."

"ಪತ್ರ ಒಂದು ಬರ್ಲಿ."

"ಬಂದ್ಮೇಲೆ?"

ಬಸ್ಸು ಹಾರ್ನ್ ಹಾಕಿತು. ಮೂರು ದಿನ ಮರಿಗಳಿಗೆ ಏನೂ ಹಾಕಬೇಡಿ ಎನ್ನುತ್ತ ಅವಳು ಹೆದ್ದಾರಿಯ ಕಡೆಗೆ ಓಡಿದಳು.

ಕತ್ತಲಾಗುವ ಹೊತ್ತಿಗೆ ದೇವಿದಾಸ ಮುಂದಿನ ಕೋಣೆಯ ದೀಪ ಹಾಕಿದ. ಸ್ವಲ್ಪ ಹೊತ್ತು ನಿಂತು, ಅಡಿಗೆಮನೆಯದನ್ನೂ ಹಾಕಿ, ರಸ್ತೆಯ ಕಡೆಯ ಕಿಟಕಿಯನ್ನು ಪೂರ್ತಿ ತೆರೆದ. ಹಸಿವಿರಲಿಲ್ಲ. ಒಲೆ ಹೊತ್ತಿಸಿ, ಪಾತ್ರೆಯಲ್ಲಿ ಬರೀ ನೀರಿಟ್ಟ. ಹೊಗೆ ಹೆಂಚಿನ ಸಂದಿಯಿಂದ ಎದ್ದು ರಸ್ತೆಯ ಕಡೆಗೆ ಹೋಯಿತು.