ಎಲ್ಲರ ಚಿಕ್ಕಮ್ಮ

“ನೀವು ಇವನಿಗೆ ಏನಾಗಬೇಕು?” ಎಂದು ಕೌನ್ಸೆಲರ್ ಕೇಳಿದಾಗ ಅವಳು ಮುಖದ ಒಂದು ಗೆರೆಯೂ ಅಲುಗದ ಹಾಗೆ, “ಚಿಕ್ಕಮ್ಮ” ಅಂದಳು.

ಹೋದ ವಾರ ಒಬ್ಬ ಆಟೋ ಡ್ರೈವರಿಗೂ ಅವಳೇ ಚಿಕ್ಕಮ್ಮ. ಅದಕ್ಕೂ ಮುಂಚೆ ಹೋಟೆಲಿನಲ್ಲಿ ತಟ್ಟೆ ತೊಳೆಯುವವನೊಬ್ಬನಿಗೆ. ಈ ಕೌನ್ಸೆಲರ್ ಮಹಾಶಯ ತಲೆಯೆತ್ತಿ ನೋಡಿದ್ದರೆ ತಾನೆ ಗುರುತು ಸಿಗುವುದು! ಗೋಡೆಯ ಪೋಸ್ಟರಿನಲ್ಲಿ ಹಲ್ಲು ಬಿಡುತ್ತಿದ್ದ ಸಂಸಾರದ ಮೇಲೆ ಇದ್ದಷ್ಟು ಅಕ್ಕರೆಯೂ ಅವನಿಗೆ ಎದುರು ಕೂತವರ ಮೇಲೆ ಇರಲಿಲ್ಲ.

ಎಚ್‌ಐವಿ ಮಾತ್ರೆ ನಿಲ್ಲಿಸಿ ತಲೆತಪ್ಪಿಸಿಕೊಂಡವರನ್ನು ಹುಡುಕಿ ಆಸ್ಪತ್ರೆಗೆ ವಾಪಸು ತರುವುದು ಅವಳ ಕೆಲಸ. ತರುವುದೇನು ಸುಲಭವೆ? ತಂದ ಮೇಲೆ ಈ ರೂಲು ಬೇರೆ: ನಶೆಗೆ ಸೂಜಿ ಚುಚ್ಚಿಕೊಳ್ಳುವವರು ಒಮ್ಮೆ ಮಾತ್ರೆ ಬಿಟ್ಟರೆ, ಮನೆಯವರೊಬ್ಬರು ಬಂದು ಜವಾಬ್ದಾರಿ ಹೊತ್ತುಕೊಂಡರೆ ಮಾತ್ರ ಮತ್ತೆ ಕೊಡುವುದು. ಮನೆಯವರು ಹೊರಗೆ ಹಾಕಿದ್ದಕ್ಕೇ ತಾನೆ ಇವರು ಬೀದಿಯಲ್ಲಿರುವುದು. ರೂಲು ಬಂದ ಹೊಸದರಲ್ಲಿ ಅವಳು, ಸಕ್ಕರೆ ಕಾಯಿಲೆಯವನು ಬಂದರೂ ಭಾವಮೈದುನನನ್ನು ಕರೆದುಕೊಂಡು ಬಾ ಅನ್ನುತ್ತೀರಾ ಎಂದು ಕೇಳಿದ್ದಳು. ಎಲ್ಲ ಅವರ ಒಳ್ಳೆಯದಕ್ಕೇ ಎಂದು ಕೌನ್ಸೆಲರ್ ಕಣ್ಣು ಮುಚ್ಚಿ ಹೇಳಿದ್ದ. ಅವತ್ತಿಗೆ ಅವಳು ವಾದ ಬಿಟ್ಟು ಚಿಕ್ಕಮ್ಮನಾದಳು.

ಇವತ್ತಿನ ಮಗ ಒಬ್ಬ ವೆಲ್ಡರ್. ಮೊಣಕೈವರೆಗೆ ಕಲೆಗಳು, ಯಾವುದು ಕಿಡಿ ಸಿಡಿದದ್ದು, ಯಾವುದು ಸೂಜಿಯದು, ಅವನಿಗೇ ಗೊತ್ತಿಲ್ಲ. ಹಳೇ ವರ್ಕ್‌ಶಾಪಿನ ಶೆಟರ್ ಹಿಂದೆ ಕೆಮ್ಮುತ್ತ ಬಿದ್ದಿದ್ದವನನ್ನು ಬೈದು, ಎಬ್ಬಿಸಿ, ಮುಖ ತೊಳೆಸಿ ತಂದಿದ್ದಳು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಈಗ ಶುರು ಮಾಡದಿದ್ದರೆ ಆಮೇಲೆ ತನ್ನ ಕೈಯಲ್ಲಿ ಏನೂ ಇಲ್ಲ ಅಂದಿದ್ದರು.

ಅಷ್ಟರಲ್ಲಿ ಬಾಗಿಲು ತೆರೆದು ವೆಲ್ಡರನ ಸ್ವಂತ ಅಕ್ಕ ಒಳಗೆ ಬಂದಳು.

ಹಿಂದಿನ ದಿನ ಡಾಕ್ಟರು ನೋಡಿದ ಮೇಲೆ, ಹಳೇ ಫೈಲಿನಲ್ಲಿ ನಂಬರು ಹುಡುಕಿ ಕೌನ್ಸೆಲರೇ ಅವಳಿಗೆ ಫೋನ್ ಮಾಡಿದ್ದನಂತೆ. ಬಂದವಳು ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ, ಒರೆಸಿದ ಮೇಲೂ ತುದಿಯಲ್ಲೇ ಕೂತಳು. ತಮ್ಮನ ಕಡೆ ತಿರುಗಲಿಲ್ಲ. ಮನೆಗೆ ಹೀಗೆಲ್ಲ ಫೋನ್ ಮಾಡಿದರೆ ತನ್ನ ಮರ್ಯಾದೆ ಏನಾಗಬೇಕು, ಅತ್ತೆ ಪಕ್ಕದಲ್ಲೇ ಇದ್ದರು ಎಂದು ತಗ್ಗಿದ ದನಿಯಲ್ಲೇ ಕೌನ್ಸೆಲರನ ಚಳಿ ಬಿಡಿಸಿದಳು.

ಅವನು ತಡವರಿಸಿ, “ನಿಮ್ಮ ಚಿಕ್ಕಮ್ಮನೂ ಬಂದಿದ್ದಾರಲ್ಲ ಮೇಡಂ” ಅಂದ.

ಮುಗೀತು ಕಥೆ, ಅಂದುಕೊಂಡಳು ಚಿಕ್ಕಮ್ಮ. ಮಾತ್ರೆ ಹೋಯಿತು, ತನ್ನ ಕೆಲಸವೂ ಹೋಯಿತು. ಹೋಗುವುದೇ ಆದರೆ ಈ ಅಕ್ಕನಿಗೆ ನಾಲ್ಕು ಮಾತು ತಿವಿದೇ ಹೋಗುವುದು ಎಂದು ನಾಲಿಗೆ ಮಸೆದುಕೊಂಡಳು. ವೆಲ್ಡರ್ ನೆಲ ನೋಡುತ್ತಿದ್ದ.

ಅಕ್ಕ ಚಿಕ್ಕಮ್ಮನ ರಬ್ಬರ್ ಚಪ್ಪಲಿಯಿಂದ ಹಿಡಿದು ನರೆಗೂದಲಿನವರೆಗೆ ಒಮ್ಮೆ ಅಳೆದಳು.

“ಹೌದು, ನಮ್ಮ ಚಿಕ್ಕಮ್ಮನೇ. ಇನ್ಮೇಲೆ ಏನಿದ್ರೂ ಇವರನ್ನೇ ಕೇಳಿ. ಸತ್ರೂ ಇವರಿಗೇ ಹೇಳಿ.”

ಕಸದ ಬುಟ್ಟಿಯನ್ನು ಪಕ್ಕದ ಮನೆ ಬಾಗಿಲಿಗೆ ಸರಿಸಿದ ಹಾಗೆ ಹೇಳಿ, ಎದ್ದು ಹೊರಟೇಬಿಟ್ಟಳು. ಮಸೆದ ನಾಲಿಗೆ ಬಾಯಲ್ಲೇ ಉಳಿಯಿತು. ಕೌನ್ಸೆಲರ್ ಮಾತ್ರ ಚೇತರಿಸಿಕೊಂಡು, ರೋಗಿಗೆ ಕುಟುಂಬದ ಪ್ರೀತಿ ಎಷ್ಟು ಮುಖ್ಯ ಎಂದು ಸುಮಾರು ಹೊತ್ತು ಬಾಯಿಪಾಠ ಒಪ್ಪಿಸಿದ. ಕೊನೆಗೆ ಮಾತ್ರೆ ಕೊಡಿಸಿದ.

ಹೊರಗೆ ಒಂದು ಸಲ ಬಂದು ನಿಂತಿದ್ದ ಮಳೆ ಮತ್ತೆ ಹನಿ ಹಾಕುತ್ತಿತ್ತು. ಚಿಕ್ಕಮ್ಮ ವರಾಂಡದ ನಲ್ಲಿಯಿಂದ ಲೋಟ ತುಂಬಿಸಿ ಕೊಟ್ಟು, ನನ್ನೆದುರೇ ನುಂಗು ಅಂದಳು. ಅವನು ಮಾತ್ರೆಯನ್ನು ಅಂಗೈಯಲ್ಲೇ ಹಿಡಿದು ನಿಂತಿದ್ದ.

“ನೋಡಿದ್ರಾ ಚಿಕ್ಕಮ್ಮ? ಅಕ್ಕ ಬಂದಿದ್ಲು. ನಂಗೋಸ್ಕರ ಸುಳ್ಳೂ ಹೇಳಿದ್ಲು.”

ಮಸೆದದ್ದೆಲ್ಲ ಅವಳ ನಾಲಿಗೆಯ ತುದಿಗೆ ಬಂತು. ಅದಕ್ಕಿಂತ ಕಡಿಮೆ ಮಾತಿಗೆ ಎಂಥೆಂಥವರ ನೀರಿಳಿಸಿದವಳು ಅವಳು.

“ಹೂಂ, ಬಂದಿದ್ಲು. ನುಂಗು.”

ಅವನು ನುಂಗಿ, ಕೇಳದೆಯೇ ಬಾಯಿ ತೆರೆದು ತೋರಿಸಿದ. ಆಮೇಲೆ ಗೇಟಿನ ಕಡೆ ನೋಡುತ್ತ ನಿಂತ. ಅಲ್ಲಿ ಅಕ್ಕನ ಕಾರು ನಿಂತಿದ್ದಷ್ಟು ಜಾಗ ಮಾತ್ರ ನೆನೆಯದೆ ಉಳಿದಿತ್ತು. ಈಗ ಅದರ ಮೇಲೂ ಒಂದೊಂದೇ ಹನಿ ಬೀಳುತ್ತಿತ್ತು.