ಕಬ್ಬಿನ ಹೊಲಕ್ಕೆ ಹೋದ ಲಸಿಕೆ ಪೆಟ್ಟಿಗೆ

ನಾನೊಂದು ಲಸಿಕೆ ಪೆಟ್ಟಿಗೆ. ಕಾರ್ಖಾನೆಯಲ್ಲಿ ಕರಗಿದ ನೀಲಿ ಪ್ಲಾಸ್ಟಿಕ್ಕಿನಿಂದ ನನ್ನ ಮೈ ಮೂಡಿತು. ಬಿಸಿಲು ಒಳಗೆ ಇಳಿಯದಂತೆ ಗೋಡೆಗಳಲ್ಲಿ ದಪ್ಪ ಫೋಮ್ ತುಂಬಿದರು. ಒಂದೆರಡು ಉಗ್ರಾಣ ಅಲೆದು, ಕೊನೆಗೆ ಅಥಣಿ ಕಡೆಯ ಹಳ್ಳಿಯೊಂದರಲ್ಲಿ ನರ್ಸ್ ದಾನಮ್ಮನ ಹೆಗಲೇರಿದೆ. ಹಸುಗೂಸಿನ ಬಿಸಿಜಿ, ಪೋಲಿಯೊ ಹನಿ, ಒಂದೂವರೆ ತಿಂಗಳಿಗೆ ಶುರುವಾಗುವ ಐದು ರೋಗ ತಡೆಯುವ ಚುಚ್ಚುಮದ್ದು, ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರದ್ದು, ಎಲ್ಲವೂ ನನ್ನ ಹೊಟ್ಟೆಯಲ್ಲಿ ಮಂಜುಗಡ್ಡೆಯ ನಡುವೆ ಕೂತು ಬರುತ್ತಿದ್ದವು.

ಆ ಚಳಿಗಾಲ ಕಬ್ಬು ಕಡಿಯಲು ಬಂದವರ ಗುಡಿಸಲುಗಳಲ್ಲಿ ದಡಾರ ಎದ್ದಿತು. ಒಬ್ಬ ಹುಡುಗ ಆಸ್ಪತ್ರೆ ಸೇರಿದ್ದ. ನಾವು ಮುಟ್ಟುವ ಹೊತ್ತಿಗೆ ಉಳಿದವರು ಬೇರೆ ಊರಿಗೆ ಹೊರಟು ಟ್ರ್ಯಾಕ್ಟರ್ ಏರುತ್ತಿದ್ದರು. ಸೋಮ್ಲಿಬಾಯಿಯ ಕಂಕುಳಲ್ಲಿ ಹತ್ತು ತಿಂಗಳ ಮಗಳಿದ್ದಳು.

“ದಡಾರ ಅಂದ್ರ ದೇವಿ ಬಂದಂಗ, ಸೂಜಿ ಚುಚ್ಚಿದ್ರ ಆ ತಾಯಿ ಸಿಟ್ಟಾಗ್ತಾಳ್ರಿ ಬಾಯಾರ.”

“ತಾಯಿ ಸಿಟ್ಟು ನನಗಿರಲಿ, ಕೂಸು ನಿನಗಿರಲಿ,” ಎಂದಳು ದಾನಮ್ಮ.

ಸೋಮ್ಲಿಬಾಯಿ ಅಂಗಿ ಸರಿಸಿ ಮಗುವಿನ ಬಲತೋಳು ಮುಂದೆ ಮಾಡಿದಳು.

ಚುಚ್ಚಿದ ಮೇಲೆ ದಾನಮ್ಮ ಅವರನ್ನು ಬಿಡಲಿಲ್ಲ. ಕೂಲಿಗಳ ಗುಂಪನ್ನು ಕರೆತಂದ ಮುಕಾದಮ ನಿಂಗಪ್ಪ ಹಾರ್ನ್ ಒತ್ತಿಸಿದ. “ಆತಲ್ರಿ, ಇನ್ನೇನು?”

“ಸೂಜಿ ಮೈಗೆ ಒಗ್ಗತೈತೋ ಇಲ್ಲೋ ನೋಡಬೇಕು, ಅರ್ಧ ತಾಸು ಕೂಸು ನನ್ನ ಕಣ್ಣ ಮುಂದ ಇರಬೇಕು.”

“ನಾವು ಬಿಟ್ಟು ಹೋಗ್ತೀವಿ ಮತ್ತ.”

ಅಷ್ಟರಲ್ಲಿ ಅಳುತ್ತಿದ್ದ ಮಗು ತಟ್ಟನೆ ಸುಮ್ಮನಾಗಿ ಕುತ್ತಿಗೆ ವಾಲಿಸಿತು. ಸೋಮ್ಲಿಬಾಯಿಯ ಮುಖ ಬಿಳಿಚಿತು. ನನ್ನ ಮುಚ್ಚಳದ ಮೇಲಿದ್ದ ದಾನಮ್ಮನ ಅಂಗೈ ಬೆವರಿತು. ಇನ್ನೊಂದು ಕೈಯಿಂದ ಮಗುವಿನ ಎದೆ ಮುಟ್ಟಿ ನೋಡಿದಳು.

“ನಿದ್ದಿ ಹತ್ತೈತಿ,” ಎಂದಳು.

ನಿಂಗಪ್ಪ ಟ್ರ್ಯಾಕ್ಟರ್ ಆರಿಸಲು ಹೇಳಿದ. ಅರ್ಧ ತಾಸು ಕಳೆದ ಮೇಲೆ ಹೊರಟರು. ಆಸ್ಪತ್ರೆಗೆ ಹೋದ ಹುಡುಗ ಮಾತ್ರ ತಿರುಗಿ ಬರಲಿಲ್ಲ.

ಮರುವರ್ಷ ಅದೇ ಗುಂಪು ಬಂತು. ಸೋಮ್ಲಿಬಾಯಿ ತಾನೇ ಮಗಳ ಕೈಹಿಡಿದು ನಡೆಸಿಕೊಂಡು ಬಂದಳು. “ಈಕಿದು ದಡಾರದ ಎರಡನೇ ಸೂಜಿ ಐತಲ್ರಿ?”

ದಾನಮ್ಮ ನನ್ನನ್ನು ತೆರೆದಳು. ಮುಚ್ಚಳ ಎಂದೋ ಬಿರುಕು ಬಿಟ್ಟಿತ್ತು, ಯಾರೂ ಗಮನಿಸಿರಲಿಲ್ಲ. ಮಂಜೆಲ್ಲ ಕರಗಿ ಸೀಸೆಗಳು ಬೆಚ್ಚಗಾಗಿದ್ದವು.

“ಇದು ಹಾಕಾಕ ಬರಂಗಿಲ್ಲವ್ವ. ಆಸ್ಪತ್ರಿಯಿಂದ ಬ್ಯಾರೆ ತರಬೇಕು. ತಡಾ ಆಗತೈತಿ.”

ನಿಂಗಪ್ಪ ಕಬ್ಬಿನ ಹೊಲದಿಂದ ಅವಳನ್ನು ಕೆಲಸಕ್ಕೆ ಕೂಗಿದ. ಸೋಮ್ಲಿಬಾಯಿ ಅವನತ್ತ ತಿರುಗಿ, “ಬಾಯಾರು ಬರೂತನ ನಾ ಏಳಂಗಿಲ್ಲ,” ಎಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ಈಗ ಉಗ್ರಾಣದ ಮೂಲೆಯಲ್ಲಿದ್ದೇನೆ, ಮೈಮೇಲೆ ಧೂಳು. ತಂಪು ಕಾಯುವುದು ನನ್ನಿಂದ ಆಗದ ದಿನ, ಕಾಯುವ ಕೆಲಸವನ್ನು ಆ ತಾಯಿ ಮಾಡಿದಳು. ಅಷ್ಟು ಸಾಕು ನನಗೆ.